ಹದಿನೇಳನೇ ತಾರೀಖು

ಪತ್ತಿನ ಸಂಘದ ಕ್ಯಾಲೆಂಡರಿಗೆ ಊರಿನ ಫೋಟೋ ಬೇಕಂತೆ.
"ಇಡೀ ಕೋಲಾರ, ಒಂದೇ ಫ್ರೇಮಿನಲ್ಲಿ, ಸುಗುಣಮ್ಮ" ಎಂದರು ಕಾರ್ಯದರ್ಶಿ
ಬೆರಳಿನಲ್ಲೇ ಚೌಕ ಮಾಡಿ, ಅದರೊಳಗಿಂದ ನನ್ನನ್ನು ನೋಡುತ್ತ.
ಇಪ್ಪತ್ತೆರಡು ವರ್ಷ ಪಾಸ್‌ಪೋರ್ಟ್ ಸೈಜು ತೆಗೆದವಳು ನಾನು:
ಗದ್ದ ಸ್ವಲ್ಪ ಮೇಲೆ, ಎರಡೂ ಕಿವಿ ಕಾಣಲಿ, ಈಗ ಉಸಿರು ಹಿಡೀರಿ.
ಊರಿಗೆ ಹೇಗೆ ಹೇಳುವುದು, ಗದ್ದ ಎತ್ತು ಅಂತ?

ಮೊದಲು ಅಂತರಗಂಗೆ. ಕೇಳಿದವರೆಲ್ಲ ಹೇಳುವುದು ಅದನ್ನೇ.
ಟ್ರೈಪಾಡನ್ನು ಹಸುಗೂಸಿನಂತೆ ಅವಚಿಕೊಂಡು ಮೆಟ್ಟಿಲು ಹತ್ತಿದೆ,
ಕೋತಿಗಳ ಕಣ್ಣಿಗೆ ಅದು ಕಬ್ಬಿನ ಜಲ್ಲೆ.
ಬಂಡೆಯ ಮೇಲೆ ನಿಂತರೆ ಊರು ಕೆಳಗೆ ಬಿದ್ದಿದೆ
ಯಾರೋ ಸಂತೆಚೀಲ ಸುರಿದು, ಹೆಕ್ಕದೆ ಹೋದ ಹಾಗೆ.
ಬೆಳಗ್ಗೆ ಸೂರ್ಯ ಎದುರು, ಲೆನ್ಸಿನ ತುಂಬ ಬರೀ ಹಾಲು.
ಸಂಜೆ ಹೋದರೆ ಬೆಟ್ಟದ ನೆರಳು ನನಗಿಂತ ಮೊದಲೇ ಇಳಿದು
ಗಡಿಯಾರದ ಗೋಪುರದವರೆಗೆ ಕಂಬಳಿ ಎಳೆದುಬಿಟ್ಟಿತ್ತು.

ಆಮೇಲೆ ತಾರಸಿಗಳು.
ಲಾಡ್ಜಿನದು: ರೂಮು ಬಾಡಿಗೆ ಕೊಟ್ಟರೆ ಬೀಗದ ಕೈ.
ಕಲ್ಯಾಣಮಂಟಪದ್ದು: ಜನರೇಟರಿನ ನಡುಕಕ್ಕೆ ಇಡೀ ಪೇಟೆ ಅದುರಿ ಎರಡೆರಡಾಗಿ ಬಂತು.
ಕಠಾರಿಪಾಳ್ಯದ ಖಮರುನ್ನಿಸಾ ತಾರಸಿಯಲ್ಲಿ ಶಾವಿಗೆ ಒಣಗಿಸಿದ್ದರು, ಬಿಳಿ ಸೀರೆಯ ಮೇಲೆ.
"ಮೊದಲು ಇದರದೊಂದು ತೆಗಿ. ಊರು ಎಲ್ಲಿಗೂ ಓಡಿಹೋಗಲ್ಲ,
ಇದನ್ನ ಕಾಗೆ ಬಿಡಲ್ಲ."
ತೆಗೆದೆ. ಆಮೇಲೆ ಕಣ್ಣೆತ್ತಿದರೆ
ಒಂದು ಮಿನಾರು, ಅರ್ಧ ಗೋಪುರ, ಮಿಕ್ಕಿದ್ದೆಲ್ಲ ಸಿಂಟೆಕ್ಸು,
ಕರೀ ಟೋಪಿ ಹಾಕಿಕೊಂಡು ಗ್ರೂಪ್ ಫೋಟೋಗೆ ನಿಂತವರ ಹಾಗೆ.

ನೀರಿನ ಟ್ಯಾಂಕು ತೋರಿಸಿದ್ದೂ ಆಕೆಯೇ.
ಕಾವಲಿನ ಪಿಳ್ಳಪ್ಪ ಮುಂದೆ, ನಾನು ಹಿಂದೆ,
ಕಬ್ಬಿಣದ ಏಣಿ, ನೂರ ನಾಲ್ಕು ಮೆಟ್ಟಿಲು, ನಾಲ್ಕು ಇಲ್ಲ.
"ಎಷ್ಟು ವರ್ಷ ಆಯಿತು ಇಲ್ಲಿ?"
"ಮೂವತ್ತೊಂದು."
"ಊರು ಚೆನ್ನಾಗಿ ಕಾಣತ್ತೆ ಅಲ್ವಾ?"
"ನಾನೆಲ್ಲಿ ನೋಡಿದೀನಮ್ಮ? ಹತ್ತೋದು ನೀರು ಎಷ್ಟಿದೆ ನೋಡಕ್ಕೆ."

ಅಂದವನು ತಿರುಗಿ ನಿಂತ. ಸ್ವಲ್ಪ ಹೊತ್ತು ಸುಮ್ಮನಿದ್ದ.
ಅಗೋ ಕೀಲುಕೋಟೆ, ಅಲ್ಲಿ ಪ್ರೆಷರ್ ಕಮ್ಮಿ.
ಗಲ್‌ಪೇಟೆಗೆ ಮಂಗಳವಾರ.
ಆ ಹಸಿರು ಮನೆ ಇದೆಯಲ್ಲ, ರಾತ್ರಿ ಎರಡಕ್ಕೆ ವಾಲ್ವು ಬಿಡಕ್ಕೆ ಹೋದರೆ
ಒಬ್ಬ ಮೇಷ್ಟ್ರು ಬಿಂದಿಗೆ ಇಟ್ಟು ಪಕ್ಕದಲ್ಲಿ ಕೂತು ಪೇಪರು ತಿದ್ದುತಾ ಇರ್ತಾರೆ.
ಇಷ್ಟು ಹತ್ತಿರಾನಾ ಅದು! ಸೈಕಲ್ಲಲ್ಲಿ ಇಪ್ಪತ್ತು ನಿಮಿಷ ಆಗತ್ತೆ.

ಮಳೆ ಆಗಷ್ಟೇ ಊರಿನ ಮುಖ ತೊಳೆದಿತ್ತು.
ಬೆನ್ನ ಹಿಂದಿನ ಸೂರ್ಯ ಮೋಡ ಸರಿಸಿ ಹತ್ತು ನಿಮಿಷ ಕೊಟ್ಟ:
ಗೋಪುರ, ಗಡಿಯಾರ, ಮಿನಾರು, ಬಸ್ಸುಗಳ ಬೆನ್ನು,
ಕೊನೆಯಲ್ಲಿ ಕೆರೆ, ಯಾರೋ ಮರೆತು ಹೋದ ತಟ್ಟೆಯಂತೆ.
ಊರು ತಾನಾಗಿ ಗದ್ದ ಎತ್ತಿತ್ತು. ಉಸಿರು ಹಿಡಿದದ್ದು ನಾನು.
ಕೆಳಗಡೆ ಮಾತ್ರ, ಮನೆಗಳ ಮೇಲೆ ಮಲಗಿತ್ತು
ಟ್ಯಾಂಕಿನ ಉದ್ದ ನೆರಳು, ಅದರ ನೆತ್ತಿಯಲ್ಲಿ ಎರಡು ಚುಕ್ಕಿ.

ಪ್ರೆಸ್ಸಿನವನು ಆ ನೆರಳನ್ನು ಕತ್ತರಿಸಿದ.
"ತಾರೀಖಿಗೆ ಜಾಗ ಬೇಕಲ್ಲ ಮೇಡಂ."

ಜನವರಿಯಲ್ಲಿ ಊರೆಲ್ಲ ಗೋಡೆಗೆ ಮೂಗು ಹಚ್ಚಿ ತಮ್ಮ ಮನೆ ಹುಡುಕಿತು.
ಖಮರುನ್ನಿಸಾಗೆ ತಾರಸಿ ಸಿಕ್ಕಿತು, ಶಾವಿಗೆ ಸಿಗದೆ ಸಿಟ್ಟು.
ಪಿಳ್ಳಪ್ಪ ಪಂಪ್‌ಹೌಸಿನಲ್ಲಿ ವಾಲ್ವಿನ ಕೀಲಿ ನೇತುಹಾಕುವ ಮೊಳೆಗೇ ಕ್ಯಾಲೆಂಡರು ಹಾಕಿ
ಚಿತ್ರದಿಂದ ಬೆರಳು ಇಳಿಸುತ್ತ, ಇಳಿಸುತ್ತ,
ಅಂಚು ದಾಟಿ, ತಾರೀಖುಗಳ ನಡುವೆ ನಿಲ್ಲಿಸಿದ.
"ನಾವು ಇಲ್ಲಿದ್ವಿ."
ಹದಿನೇಳು. ಪೆನ್ನಲ್ಲಿ ಒಂದು ಸುತ್ತು ಹಾಕಿದ.

ಫೆಬ್ರವರಿಗೆ ಹಾಳೆ ಹರಿದರೆ
ಅದೇ ಜಾಗದಲ್ಲಿ ಬೇರೆ ತಾರೀಖು.
ಪೆನ್ನು ಎಲ್ಲಿಟ್ಟೆನೋ ಎಂದು ಹುಡುಕುತ್ತಿದ್ದನಂತೆ.