ಚಕ್ಕುಬಂದಿ

ಹೌದು ಸ್ವಾಮಿ, ಹೆಪ್ಸಿಬಾ ಅಂತಲೇ ನನ್ನ ಹೆಸರು.
ವಯಸ್ಸು ಎಪ್ಪತ್ತು ಅಂತ ಬರಕೊಳ್ಳಿ, ಒಂದೆರಡು ಹೆಚ್ಚುಕಡಿಮೆ.
ಓಬದ್ಯ ಲುಡ್ಕಿನ್ನನ ಕಡೇ ಮಗಳು.
ಬೈಬಲ್ಲಿನ ಮೇಲೆ ಕೈ ಇಟ್ಟಾಯಿತು.
ಚಳಿಗೆ ಅದರ ತೊಗಲೂ ಸೆಟೆದುಕೊಂಡಿದೆ.

ಗುಮಾಸ್ತರು ಓದಿದ್ದು ಕೇಳಿಸಿತು:
ಪೂರ್ವಕ್ಕೆ ಹೊಳೆ, ಉತ್ತರಕ್ಕೆ ಪಾದ್ರಿಗಳ ಪಾಲು,
ದಕ್ಷಿಣಕ್ಕೆ ಯಾರದೂ ಅಲ್ಲದ ಕಾಡು,
ಪಶ್ಚಿಮಕ್ಕೆ, ಸೊನ್ನೆಯಂಥ ದುಂಡಕ್ಷರ ಕೆತ್ತಿದ ಬಿಳಿ ಓಕ್ ಮರ,
ಅದರಾಚೆ ವಿಧವೆ ಪೇಶನ್ಸ್ ಥರ್ಸ್ಟನ್ನಳ ಹುಲ್ಲುಗಾವಲು.
ಇದರೊಳಗಿನ ಜಲ ತರು ಪಾಷಾಣ ನಿಧಿ ನಿಕ್ಷೇಪ ಸಹಿತ
ಪುತ್ರ ಪೌತ್ರ ಪಾರಂಪರ್ಯವಾಗಿ.
ಪುತ್ರಿ ಅಂತ ಎಲ್ಲೂ ಬರಲಿಲ್ಲ.
ಸಾಕ್ಷಿಗೆ ಮಾತ್ರ ನಾನು ಬೇಕಾದೆ,
ಕಂಡವರಲ್ಲಿ ಉಳಿದವಳು ನಾನೊಬ್ಬಳೇ.

ಯಾರದೂ ಅಲ್ಲದ ಕಾಡು, ಅದನ್ನೊಂದು ಸಲ ತಿದ್ದಬೇಕು.
ಕೊವಾಸಕ್ ಎಂಬವನು ಅಲ್ಲಿಂದ ಬರುತ್ತಿದ್ದ,
ಪ್ರತಿ ವಸಂತ, ಹೊಳೆಗೆ ಮೀನು ಏರುವ ವಾರ.
ಆರು ಕೋಟು, ಹತ್ತು ಗುದ್ದಲಿ, ಒಂದು ಹಿತ್ತಾಳೆ ಹಂಡೆ ಪಡೆದು
ಈ ಹ್ಯಾರೋಫೋರ್ಡನ್ನು ಸ್ವಸಂತೋಷದಿಂದ
ಬರೆದುಕೊಟ್ಟವನು ಅವನೇ ಅಂತೆ.
ಹಾಗಾದರೆ ಮತ್ತೆ ಯಾಕೆ ಬರುತ್ತಾನೆ ಅಂತ ಅಮ್ಮ ಕೇಳಿದಳು.
ಮೀನು ಬರುತ್ತದಲ್ಲ, ಅಂದ.

ಮರದ ವಿಷಯಕ್ಕೆ ಬರುತ್ತೇನೆ.
ನನಗಾಗ ಒಂಬತ್ತು. ಅಕ್ಟೋಬರ್, ಚಂದ್ರನಿಲ್ಲದ ರಾತ್ರಿ.
ಲಾಟೀನು ಹಿಡಿ, ಮಾತಾಡಬೇಡ, ಅಂದ ಅಪ್ಪ.
ಕೊಡಲಿಯ ಮಗ್ಗುಲಿಗೆ ಕಂಬಳಿ ಸುತ್ತಿದ್ದ,
ಮೊದಲ ಪೆಟ್ಟಿಗೇ ಅದು ಹರಿಯಿತು.
ನಾಲ್ಕು ರಾತ್ರಿ ಬೇಕಾಯಿತು ಮರ ಬೀಳಲು.
ಆರನೆಯದಕ್ಕೆ ಬುಡ ಸುಟ್ಟೆವು, ಮೇಲೆ ಮಣ್ಣು ಎಳೆದೆವು.
ಅಲ್ಲಿಂದ ಪಶ್ಚಿಮಕ್ಕೆ ನಲವತ್ತು ಕೋಲು,
ವಿಧವೆಯ ಹುಲ್ಲಿನ ನಟ್ಟನಡುವೆ ಇನ್ನೊಂದು ಓಕ್ ಮರ,
ಅದರ ಮೈಗೆ ಅದೇ ಸೊನ್ನೆ.
ಹೊಸ ಗಾಯಕ್ಕೆ ಕೊಳೆ ಮೆತ್ತಿ ಹಳತು ಮಾಡಿದ.
ಉಳಿಯ ಪುಡಿ ನನ್ನ ಕೂದಲಲ್ಲಿತ್ತು.
ಬೆಳಗ್ಗೆ ಅಮ್ಮ ಬಾಚಿದಳು. ಏನೂ ಕೇಳಲಿಲ್ಲ.

ಆ ಚಳಿಗಾಲ ಪೇಶನ್ಸಳ ಎರಡು ಹಸು ಹುಲ್ಲಿಲ್ಲದೆ ಸತ್ತವು.
ಅವಳು ಊರು ಬಿಟ್ಟಳು, ಮಗ್ಗದ ಕಟ್ಟು ಬೆನ್ನಿಗೆ,
ಮಗ ಹಿಂದಿನಿಂದ ಕೋಳಿ ಹಿಡಿದು.
ಅಗೋ, ಆ ಮೂಲೆಯಲ್ಲಿ ಟೋಪಿ ತಿರುವುತ್ತ ನಿಂತ
ಜೇಬೆಜ್ ಆ ಹುಡುಗನ ಮಗ.
ಅವನ ದಾವೆ ಸುಳ್ಳು ಅಂತ ನನ್ನ ಅಣ್ಣನ ಮಕ್ಕಳು ನಗುತ್ತಿದ್ದಾರೆ.
ನಗಲಿ. ಅವರಿಗೆ ಗೊತ್ತಿಲ್ಲ.

ಮರುವಸಂತ ಕೊವಾಸಕ್ ಬಂದ.
ಕುಂಬಳಕ್ಕೆ ಹದ ಮಾಡಿದ ದಿಬ್ಬದ ಮೇಲೆ ಅರೆಗಳಿಗೆ ನಿಂತ.
ಕಾಲ್ಬೆರಳಿಂದ ಮಣ್ಣು ಕೆದಕಿದ, ಇದ್ದಿಲು ಕಂಡಿತು.
ನನ್ನ ಕಡೆ ನೋಡಿದ.
ಬೈಯುವ ಮುಖವಲ್ಲ ಅದು;
ನೀವು ನಿಮ್ಮೊಳಗೇ ಹೀಗೋ, ಅಂದ ಹಾಗಿತ್ತು.
ಆಮೇಲೆ ಯುದ್ಧ ಬಂತು. ಅವನು ಬರಲಿಲ್ಲ.
ಮೀನು ಬಂತು.

ಈಗ ಮರ ಎಲ್ಲಿ ಅಂತ ಕೇಳುತ್ತೀರಿ.
ಓಕ್ ದಿಮ್ಮಿ ಬಿಸಾಡುವ ಆಸಾಮಿಯಲ್ಲ ನನ್ನಪ್ಪ.
ನನ್ನ ಅಡುಗೆಮನೆಗೆ ಬನ್ನಿ,
ಹಿಟ್ಟು ನಾದುವ ಮರಿಗೆ ಇದೆ,
ಮದುವೆಯಲ್ಲಿ ಅವನೇ ಕೊಟ್ಟದ್ದು.
ಮಗುಚಿ ನೋಡಿ, ತಳದಲ್ಲಿ ಸೊನ್ನೆ.
ಐವತ್ತು ವರ್ಷ ಅದರ ಮೇಲೆ ರೊಟ್ಟಿ ನಾದಿದ್ದೇನೆ,
ಈ ಊರಲ್ಲಿ ಅರ್ಧ ಜನ ತಿಂದಿದ್ದೀರಿ,
ಸ್ವಾಮಿ, ತಾವೂ.
ಸರಪಳಿ ತನ್ನಿ. ಅಳೆಯುವುದಿದ್ದರೆ ಅಲ್ಲಿಂದ ಅಳೆಯಿರಿ.

ರುಜು ನನಗೆ ಬಾರದು.
ಹಳೇ ಪತ್ರದಲ್ಲಿ ಕೊವಾಸಕ್ ಒಂದು ಮೀನು ಬರೆದಿದ್ದಾನೆ,
ಅದರ ಬಾಲ ಗುಮಾಸ್ತರ ಅಕ್ಷರಕ್ಕೆ ಬಡಿದಿದೆ.
ನನ್ನ ಕೈಗೆ ತಿಳಿದದ್ದು ಆ ಸೊನ್ನೆ ಒಂದೇ,
ಅದು ಬೇಡ.
ಎರಡು ಗೀಟು ಎಳೆಯುತ್ತೇನೆ, ಪಕ್ಕದಲ್ಲಿ ಹೆಸರು ನೀವೇ ಬರೆಯಿರಿ.
ಸ್ವಲ್ಪ ಬೇಗ.
ಹಿಟ್ಟು ನಾದಿಟ್ಟು ಬಂದಿದ್ದೇನೆ,
ಇಷ್ಟು ಹೊತ್ತಿಗೆ ಅಂಚು ದಾಟಿರುತ್ತದೆ.