ನಡುಗಂಬವಿಲ್ಲದ ಗಾಡಿ

ಲೊರೆನ್ಸೊ ಮಾರ್ಕೆಸ್‌ನಿಂದ ಹಡಗು ಹತ್ತಿ ಬಂದದ್ದಂತೆ,
ಮುರ್ಗಾಂವ್ ಧಕ್ಕೆಯಲ್ಲಿ ಇಳಿದದ್ದು ಎಪ್ಪತ್ತೈದರಲ್ಲಿ.
ವಾಸ್ಕೊದ ನನ್ನ ಗ್ಯಾರೇಜಿಗೆ ಬಂದದ್ದು ಹೋದ ಶಿಗ್ಮೊ ಮುಗಿದ ಮೇಲೆ,
ಟೆಂಪೊ ಹಿಂದೆ ಹಗ್ಗ ಬಿಗಿದು.
ಸ್ಟೀರಿಂಗ್ ಹಿಡಿದು ಕೂತವರು ಎವಾರಿಸ್ತೊ, ಹಲ್ಲಿನ ಡಾಕ್ಟರು.
ಮಾವ ಬಿಟ್ಟುಹೋದದ್ದರಲ್ಲಿ
ತಕರಾರಿಲ್ಲದೆ ಸಿಕ್ಕಿದ್ದು ಇದೊಂದೇ ಎಂದು ನಕ್ಕರು.

ಜರ್ಮನ್ ಗಾಡಿ. ಎರಡೇ ಬಾಗಿಲು.
ಬಾನೆಟ್ ಎತ್ತಿದರೆ ಆರು ಸಿಲಿಂಡರು ಒಂದೇ ಸಾಲಿನಲ್ಲಿ,
ನೆಟ್ಟಗಲ್ಲ, ಒಂದು ಮಗ್ಗುಲಿಗೆ ಒರಗಿ,
ಉಂಡು ಗೋಡೆಗೆ ಆತು ಕೂತ ಹಿರಿಯರಂತೆ.
ಎಂಜಿನ್ ಒರಗಿದ್ದಕ್ಕೆ ಬಾನೆಟ್ ತಗ್ಗಿತು,
ಬಾನೆಟ್ ತಗ್ಗಿದ್ದಕ್ಕೆ ಮೂತಿ ಮುಂದಕ್ಕೆ ಚಾಚಿತು.
ನಾವು ಚೆಂದ ಅಂದುಬಿಡುತ್ತೇವೆ,
ಯಾವನೋ ಒಬ್ಬ ಅಳತೆಗೋಲು ಹಿಡಿದು
ಎಷ್ಟು ರಾತ್ರಿ ನಿದ್ದೆಗೆಟ್ಟನೋ.

ನಾಲ್ಕೂ ಗಾಜು ಇಳಿಸಿ ನೋಡಿದೆ.
ಮುಂದಿನ ಕಿಟಕಿಗೂ ಹಿಂದಿನದಕ್ಕೂ ನಡುವೆ ಕಂಬವೇ ಇಲ್ಲ.
ಈ ತುದಿಯಿಂದ ಆ ತುದಿಗೆ ಬರೀ ಗಾಳಿ,
ಮೇಲೆ ಮಾಡು, ಒಣಹಾಕಿದ ಹಪ್ಪಳದಷ್ಟು ಹಗುರ.
“ಇದು ಹ್ಯಾಂಗ ನಿಂತೈತಿ, ಕಾಕಾ?” ಅಂದ ಯಮನೂರ.
“ದೇವರ ಮ್ಯಾಲ ಭಾರ ಹಾಕಿ,” ಅಂದೆ,
ಗೊತ್ತಿಲ್ಲದವರು ಅನ್ನುವ ಹಾಗೆ.

ಹೊಸ್ತಿಲ ಪಟ್ಟಿ ಪೂರಾ ತುಕ್ಕು. ಬಂದರಿನ ಉಪ್ಪು, ಅದಿರಿನ ಧೂಳು.
ಸ್ಕ್ರೂಡ್ರೈವರ್ ಊರಿದರೆ ನೆನೆದ ರೊಟ್ಟಿಯೊಳಗೆ ಇಳಿದಂತೆ ಇಳಿಯಿತು.
ಗ್ರೈಂಡರ್ ಹಚ್ಚಿ ಕೊಯ್ದೆ. ನಲವತ್ತು ವರ್ಷದ ಕೈ,
ಯಾರನ್ನು ಕೇಳಬೇಕು?
ಬೆಳಿಗ್ಗೆ ಬಂದು ಬಾಗಿಲು ನೂಕಿದರೆ
ಕೂರಲಿಲ್ಲ.
ಎರಡು ಸೂತು ಸಾಲದು. ಗಾಡಿಯ ನಡುವೇ ಕುಸಿದಿತ್ತು.

ಆಗ ತಿಳಿಯಿತು:
ಅವರು ಕಂಬ ತೆಗೆದಿರಲಿಲ್ಲ, ಮಲಗಿಸಿದ್ದರು.
ಕಣ್ಣಿಗೆ ಅಡ್ಡ ಬಾರದ ಹಾಗೆ, ಕಾಲ ಕೆಳಗೆ,
ಪೆಟ್ಟಿಗೆಯೊಳಗೊಂದು ಪೆಟ್ಟಿಗೆ ಮಾಡಿ
ಮೇಲೆ ಬಿಟ್ಟ ಬಯಲಿನ ಭಾರವನ್ನೆಲ್ಲ ಅದರ ಹೆಗಲಿಗಿಟ್ಟಿದ್ದರು.
ನಾನು ಕೊಯ್ದದ್ದು ಆ ಹೆಗಲನ್ನೇ.

ಜಾಕ್ ಕೊಟ್ಟೆ. ಕಬ್ಬಿಣದ ಆಂಗಲ್ ಕತ್ತರಿಸಿ
ಬಾಗಿಲ ಬಾಯಲ್ಲಿ ಸೆಟೆದು ನಿಲ್ಲಿಸಿ ವೆಲ್ಡ್ ಮಾಡಿದೆ.
ಡಾಕ್ಟರು ಬಂದು ಕಂಬ ಕಂಡು ಮುಖ ಕಿವುಚಿದರು.
“ಅಲುಗೋ ಹಲ್ಲಿಗೆ ನೀವೂ ತಂತಿ ಕಟ್ಟೋದಿಲ್ವೇ?”
ಎಂದೆ ಹರಕು ಕೊಂಕಣಿಯಲ್ಲಿ. ಸುಮ್ಮನಾದರು.

ದಿನಕ್ಕೆ ಕೂದಲೆಳೆಯಷ್ಟು ಜಾಕ್ ಏರಿಸುತ್ತ ಹನ್ನೊಂದು ದಿನ.
ಅಣ್ಣಿಗೇರಿಯಲ್ಲಿ ನಮ್ಮಪ್ಪ ಬಂಡಿಗಾಲಿಗೆ ಹಳಿ ಏರಿಸುವಾಗ
ಕುಳ್ಳಿನ ಬೆಂಕಿಯ ಮುಂದೆ ಬೀಡಿ ಸೇದುತ್ತ ಕೂತುಬಿಡುತ್ತಿದ್ದ.
ಸೋಮಾರಿ ಎಂದುಕೊಂಡಿದ್ದೆ ನಾನು.

ಹಿಂದಿನ ಮಡ್‌ಗಾರ್ಡಿನ ಜೋಡಣೆಗೆ ಗ್ಯಾಸ್ ಉರಿ ಹಿಡಿದೆ,
ಬಣ್ಣ ಗುಳ್ಳೆಯೆದ್ದು, ಕೆಳಗಿದ್ದ ಸೀಸ
ಬೆಳ್ಳಗೆ ಹನಿಹನಿಯಾಗಿ ಜಾರಿತು.
ಅದರಡಿ ಸುತ್ತಿಗೆಯ ಪೆಟ್ಟುಗಳು.
ಯಂತ್ರದ್ದಲ್ಲ, ಮನುಷ್ಯನವು,
ಎಲ್ಲವೂ ಬಲಕ್ಕೆ ವಾಲಿದವು. ಎಡಗೈಯವನು.
ಕೊನೆಯ ಎರಡು ಪೆಟ್ಟು ಬೇಕಿರಲಿಲ್ಲ;
ಊಟದ ಗಂಟೆ ಹೊಡೆದಿತ್ತೋ,
ಮೇಸ್ತ್ರಿಯ ಮೇಲೆ ಸಿಟ್ಟಿತ್ತೋ.
ಅಷ್ಟು ನುಣುಪಾದ ಗಾಡಿ, ಅದರ ಚರ್ಮದಡಿಗೆ
ಐವತ್ತು ವರ್ಷ ಒಬ್ಬನ ಅವಸರ.

ಸರಿಮಾಡಬಹುದಿತ್ತು. ಮಾಡಲಿಲ್ಲ.
ಪಕ್ಕದಲ್ಲಿ ನನ್ನವು ನಾಲ್ಕು ಬಿದ್ದವು, ಎಡಕ್ಕೆ ವಾಲಿ.
ಯಮನೂರನನ್ನು ಕರೆದು ತೋರಿಸಿ
ಮೇಲೆ ಸೀಸ ಎಳೆದೆ.

ಆಂಗಲ್ ಕೊಯ್ಯುವಾಗ ಮಾತ್ರ ಕೈ ನಡುಗಿತು.
ಗಾಡಿ ಅಲುಗಲಿಲ್ಲ. ಬಾಗಿಲು ನೂಕಿದೆ:
ಟಪ್. ಒಂದೇ ಸದ್ದು.
ಡಾಕ್ಟರು ನಾಲ್ಕೂ ಗಾಜು ಇಳಿಸಿಕೊಂಡು
ಬೊಗ್ಮಾಳೊ ಕಡೆ ಹೊರಟರು. ಆ ಬದಿಯ ಮೀನುಗಾಡಿ, ಬಸ್ಸು, ಗುಡ್ಡ
ಗಾಡಿಯ ನಟ್ಟನಡುವೆ ಹಾದು ಈ ಬದಿಗೆ ಕಂಡವು.

ಆಂಗಲ್ ತುಂಡು ಇನ್ನೂ ಗೋಡೆಗೆ ಒರಗಿದೆ.
ಯಮನೂರ ಅದರ ಮೇಲೆ ಅಂಗಿ ಒಣಹಾಕುತ್ತಾನೆ.