ಇದೋ, ಅದೋ

ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನೆದುರು ನನ್ನದು ಕನ್ನಡಕದಂಗಡಿ.
ಗಾಜು ತಿರುಗಿಸಿ ತಿರುಗಿಸಿ ದಿನವಿಡೀ ಕೇಳುವುದೊಂದೇ:
ಇದರಲ್ಲಿ ಚೆನ್ನಾಗಿ ಕಾಣುತ್ತೋ, ಅದರಲ್ಲೋ?
ಇದೋ? ಅದೋ?
ತಪ್ಪು ಹೇಳಿದರೆ ಫೇಲಾದೇವೇನೋ ಎಂಬಂತೆ
ತಡವರಿಸುತ್ತಾರೆ ಜನ.
ಕೊನೆಗೊಮ್ಮೆ 'ಎರಡೂ ಒಂದೇ ಥರ' ಅಂದರೋ,
ನಂಬರು ಸಿಕ್ಕಿತು. ಚೀಟಿ ಬರೆಯುತ್ತೇನೆ.

ಜನವರಿಯ ಶನಿವಾರ, ಷಟರ್ ಎಳೆದು ಬಾಳೆಲೆಗೆ.
ದೇಚಮ್ಮ ಟೀಚರ ಕಾಫಿ ಕಣ.
ಸಿಮೆಂಟಿನಲ್ಲಿ ಹಗಲಿನ ಬಿಸಿ ಇನ್ನೂ ಉಳಿದಿದೆ,
ಟಾರ್ಪಾಲಿನಡಿ ರಾಶಿ ಹಾಕಿದ ಹಣ್ಣಿನ
ಹುಳಿಗೆ ತಿರುಗಿದ ಸಿಹಿ ವಾಸನೆ.
ನಡುವೆ ಆರಿಂಚಿನ ದೂರದರ್ಶಕ
ಮೂತಿ ಮೇಲೆತ್ತಿ ಕೂತಿದೆ.

"ಬೆರಳು ಹೇಳಿದ ಮಾತು ಕೇಳುವುದಿಲ್ಲ ಈಗ.
ಕತ್ತಲಲ್ಲಿ ಬದಲಿಸಲು ಹೋಗಿ ಹೋದ ವರ್ಷ
ಹತ್ತು ಎಂಎಂ ಐಪೀಸು ಬಿದ್ದದ್ದು ಕಾಫಿ ರಾಶಿಯೊಳಕ್ಕೆ.
ಬೆಳಿಗ್ಗೆ ಆರು ಜನ ಕೆದಕಿದ ಮೇಲೆ ಸಿಕ್ಕಿತು,
ಗಾಜಿನ ತುಂಬ ಬೆಲ್ಲದಂಥ ಅಂಟು.
ನನಗೆ ಒಂದೇ ಸಾಕು, ತಿರುಗಿಸಿದರೆ ಆಗುವಂಥದ್ದು.
ನೀನು ಗಾಜಿನವನು, ನೋಡಿ ಹೇಳು."

ಮೇಜಿನ ಮೇಲೆ ಎರಡು ಝೂಮ್.
ಒಂದಕ್ಕೆ ಎರಡು ಚೀಲ ರೋಬಸ್ಟಾದ ಬೆಲೆ,
ಇನ್ನೊಂದಕ್ಕೆ ಅರ್ಧ ಚೀಲ ಸಾಕು.
ಟೀಚರು ಹಾಗೇ ಹೆಸರಿಟ್ಟಿದ್ದಾರೆ: ಎರಡು ಚೀಲದ್ದು, ಅರ್ಧ ಚೀಲದ್ದು.

ಅರ್ಧ ಚೀಲದ್ದಕ್ಕೆ ಚಳಿಯಲ್ಲಿ ಗ್ರೀಸು ಹೆಪ್ಪುಗಟ್ಟಿ
ತಿರುಗಿಸಿದರೆ ದೂರದರ್ಶಕವೇ ತಿರುಗುತ್ತದೆ.
ಪ್ರತಿ ಸಲವೂ ಮಸುಕು, ಪ್ರತಿ ಸಲವೂ ಹೊಸದಾಗಿ ಫೋಕಸ್.
ಎರಡು ಚೀಲದ್ದು ಟಕ್, ಟಕ್ ಎಂದು ನಿಲ್ಲುತ್ತದೆ
ಹಳೇ ರೇಡಿಯೊದ ಕಿವಿಯಂತೆ.

ಒಂದು ದೋಷ ಮಾತ್ರ ಎರಡಕ್ಕೂ ಸಮ.
ಇಪ್ಪತ್ನಾಲ್ಕಕ್ಕೆ ತಂದಾಗ ಬೇಕಾದದ್ದು ಅಗಲದ ಆಕಾಶ,
ಅಲ್ಲೇ ಜಿಪುಣತನ:
ಕೃತ್ತಿಕೆಯ ಅರ್ಧ ಬಳಗ ಬಾಗಿಲ ಹೊರಗೇ ನಿಂತಿತು.
ಎಂಟಕ್ಕೆ ತಿರುಗಿಸಿದರೆ ಕಿಟಕಿ ಹಿಗ್ಗುತ್ತದೆ,
ಚಿಟಿಕೆಯಷ್ಟು ಬಾನು ತೋರಿಸುವುದಕ್ಕೆ.

ಕೊನೆಗೆ ರೈಜೆಲ್.
ಅದರ ಬೆಳಕಿನ ಸೆರಗಿಗೇ ಅಂಟಿಕೊಂಡ ಜೊತೆಗಾತಿ,
ಸಾಸಿವೆಯಲ್ಲಿ ನಾಲ್ಕನೇ ಒಂದು ಪಾಲು.
ಎರಡು ಚೀಲದ್ದರಲ್ಲಿ ಇದೆ. ಅರ್ಧ ಚೀಲದ್ದರಲ್ಲಿ
ಇದೆ ಅಂದುಕೊಂಡರೆ ಇದೆ.

ಟೀಚರು ಬಗ್ಗುವಷ್ಟರಲ್ಲಿ ಬೇಲಿಯ ಕಡೆ ಕರ್ಪನ ಸಿಳ್ಳೆ,
ಟಾರ್ಚಿನ ಬಿಳಿ ಬೆಳಕು, ಬಿದಿರು ಮುರಿದ ಸದ್ದು.
ಆನೆ ಅತ್ತ ಹೋಯಿತು.
ಕತ್ತಲಿಗೆ ಪಳಗಿದ್ದ ನಮ್ಮ ಕಣ್ಣೂ ಹೋಯಿತು.
ಮತ್ತೆ ಇಪ್ಪತ್ತು ನಿಮಿಷ ಕಾಯಬೇಕು.
ಕೆಂಪು ದೀಪದಲ್ಲಿ ಅವರ ನೋಟ್‌ಬುಕ್ ತಿರುವಿದೆ:
ಮೂರು ವರ್ಷದ ಹಿಂದೆ, ಫೆಬ್ರವರಿ, ಲೆಕ್ಕದ ಟೀಚರ ಗುಂಡು ಅಕ್ಷರ,
'ರೈಜೆಲ್. ಪುಟಾಣಿ ಸ್ಪಷ್ಟ.'

ಈಗ ಬಗ್ಗಿದರು.
ಇದೋ? ಬದಲಿಸಿದೆ. ಅದೋ?
"ಎರಡೂ ಒಂದೇ ಥರ."
ಚೀಟಿಗೆ ಕೈ ಹೋಗಲಿಲ್ಲ.
ಪುಟಾಣಿ?
"ಎಲ್ಲಿಯದು? ನಕ್ಷತ್ರಕ್ಕೆ ತಲೆ ಕೆದರಿದೆಯಲ್ಲ, ಗಾಜೇ ಸರಿಯಿಲ್ಲ."
ಎಡಗಣ್ಣಿನಲ್ಲಿ ನೋಡಿ ಟೀಚರೇ, ಅಂದೆ.

ತುಂಬ ಹೊತ್ತು ಮಾತಿಲ್ಲ.
ಟಾರ್ಪಾಲಿನ ಮೇಲೆ ಇಬ್ಬನಿ ತೊಟ್ಟಿಕ್ಕಿತು.
"ಎರಡು ಚೀಲದ್ದರಲ್ಲಿ ಇದೆ," ಅಂದರು.
"ಇನ್ನೊಂದು ಹಾಕು... ಇಲ್ಲ. ಇದರಲ್ಲಿ ಇಲ್ಲ."
ಮತ್ತೆ ಬಲಗಣ್ಣು. ಮತ್ತೆ ಎಡ.
ನಾನು ಕೇಳಬೇಕಾದದ್ದನ್ನು
ಅವರೇ ಕೇಳಿಕೊಳ್ಳುತ್ತಿದ್ದರು, ತುಟಿಯೊಳಗೆ.

ಪೊರೆ ಎಂಬ ಪದ ನನ್ನ ಬಾಯಿಗೆ ಬರುವ ಮೊದಲೇ
ಸೊಂಟ ನೆಟ್ಟಗೆ ಮಾಡಿಕೊಂಡು ಕೇಳಿದರು:
"ಅದಕ್ಕೆಷ್ಟು ಚೀಲ?"

ಸೋಮವಾರ ಅಂಗಡಿಗೆ ಬನ್ನಿ, ಅಂದೆ. ಬರುತ್ತೇನೆ, ಅಂದರು.
ಆಮೇಲೆ, ನನ್ನಲ್ಲಿಗೆ ಬರುವ ಶಾಲೆ ಮಕ್ಕಳ ಹಾಗೆ
ಬಲಗಣ್ಣಿನ ಮೇಲೆ ಅಂಗೈ ಮುಚ್ಚಿ
ಮತ್ತೆ ಬಗ್ಗಿದರು.
ಕೊಳವೆಯಿಂದ ರೈಜೆಲ್ ಜಾರಿಯಾಗಿತ್ತು.
ಒಂದೇ ಬೆರಳಿನಿಂದ ತಳ್ಳಿ
ಹಿಂದಕ್ಕೆ ತಂದರು.